ಊರಿನ ಸಾರ್ವಜನಿಕ ಸೇವೆಗಳು: ಹಂಚಿಕೊಂಡು ನಡೆಸುವ ಬಗೆ

ನಮ್ಮ ನಾಡಿನ ಯಾವುದೇ ದೊಡ್ಡ ಗ್ರಾಮವನ್ನು ಹೊಕ್ಕರೂ ಶಾಲೆ, ಅಂಗನವಾಡಿ, ಗ್ರಂಥಾಲಯ, ಆರೋಗ್ಯ ಉಪಕೇಂದ್ರ, ಪಂಚಾಯಿತಿ ಕಚೇರಿ ಇವೆಲ್ಲವೂ ಕೂಗಳತೆಯಲ್ಲಿಯೇ ಇರುವುದನ್ನು ಕಾಣಬಹುದು. ಕೆಲವೆಡೆಗಳಲ್ಲಂತೂ ಇವುಗಳ ಗೋಡೆಗೆ ಗೋಡೆ ತಾಗಿರುತ್ತದೆ. ಆದರೆ ಆಡಳಿತದ ದೃಷ್ಟಿಯಿಂದ ನೋಡಿದರೆ ಇವು ಪರಸ್ಪರ ಬಹುದೂರದಲ್ಲಿವೆ. ಶಾಲೆಯು ಶಿಕ್ಷಣ ಇಲಾಖೆಯದು, ಅಂಗನವಾಡಿಯು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಉಪಕೇಂದ್ರವು ಆರೋಗ್ಯ ಇಲಾಖೆಯದು. ಒಂದೊಂದಕ್ಕೂ ಬೇರೆ ಬೇರೆ ಅನುದಾನ, ಬೇರೆ ಬೇರೆ ವಹಿ, ಬೇರೆ ಬೇರೆ ಮೇಲಧಿಕಾರಿ. ಬಾಗಿಲಿಗೆ ಬರುವ ಮಗು ಮಾತ್ರ ಒಂದೇ. ಈ ಸಂಸ್ಥೆಗಳು ತಮ್ಮಲ್ಲಿರುವುದನ್ನು ಹೇಗೆ ಹಂಚಿಕೊಳ್ಳಬಹುದು, ಹಾಗೆ ಹಂಚಿಕೊಳ್ಳಲು ಅಡ್ಡಿಯಾಗಿರುವುದಾದರೂ ಏನು ಎಂಬುದನ್ನು ಅಧ್ಯಾಪಕ ಬಂಧುಗಳ ಹಾಗೂ ದಾನಿಗಳ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

ವಿಚಾರವೇನೂ ಹೊಸದಲ್ಲ. ಡಾ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು (1964-66) 'ಶಾಲಾ ಸಂಕೀರ್ಣ'ವೆಂಬ ವ್ಯವಸ್ಥೆಯನ್ನು ಸೂಚಿಸಿತ್ತು. ಒಂದು ಪ್ರೌಢಶಾಲೆಯನ್ನು ನಡುವೆ ಇಟ್ಟುಕೊಂಡು, ಸುತ್ತಲಿನ ಹಿರಿಯ ಹಾಗೂ ಕಿರಿಯ ಪ್ರಾಥಮಿಕ ಶಾಲೆಗಳು ಒಂದು ಕುಟುಂಬದಂತೆ ಪ್ರಯೋಗಾಲಯ, ಪುಸ್ತಕಭಂಡಾರ, ಅನುಭವಿ ಶಿಕ್ಷಕರ ನೆರವು ಇವುಗಳನ್ನು ಹಂಚಿಕೊಳ್ಳಬೇಕೆಂಬುದು ಅದರ ತಿರುಳು. ಐವತ್ತಕ್ಕೂ ಹೆಚ್ಚು ವರ್ಷಗಳ ತರುವಾಯ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಐದರಿಂದ ಹತ್ತು ಕಿಲೋಮೀಟರು ವ್ಯಾಪ್ತಿಯ ಶಾಲೆಗಳನ್ನು, ಅಂಗನವಾಡಿಗಳನ್ನೂ ಸೇರಿಸಿ, ಹೀಗೆ ಒಗ್ಗೂಡಿಸಬೇಕೆಂದು ಮತ್ತೆ ಹೇಳಿತು. ಹಿಂದಿನ ಸಲಹೆ ಕಾರ್ಯಗತವಾಗದೆ ಉಳಿಯಿತೆಂಬುದನ್ನೂ ಒಪ್ಪಿಕೊಂಡಿತು. ನಡುವೆ, 1990ರ ದಶಕದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದಿಂದ ಸಮೂಹ ಸಂಪನ್ಮೂಲ ಕೇಂದ್ರಗಳು ಬಂದವು. ಅಲ್ಲಿ ಶಿಕ್ಷಕರು ಕಲೆತು ಅನುಭವ ಹಂಚಿಕೊಂಡರೆಂಬುದು ನಿಜ. ಆದರೆ ಕಪಾಟಿನೊಳಗಿನ ಸಾಮಗ್ರಿ ಕಪಾಟಿನಲ್ಲೇ ಉಳಿಯಿತು.

ಹಾಗೆಂದು ಹಂಚಿಕೆ ನಮ್ಮಲ್ಲಿ ಎಲ್ಲಿಯೂ ಯಶಸ್ವಿಯಾಗಿಲ್ಲವೆಂದಲ್ಲ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ 'ಅಕ್ಷರ ದಾಸೋಹ'ವು ಬಿಸಿಯೂಟವಾಗಿ ಆರಂಭವಾಯಿತು. (ಶರಣರ ಪದವೊಂದು ಸರ್ಕಾರಿ ಕಡತವನ್ನು ಸೇರಿದ್ದು ನಮಗೆಲ್ಲ ಸಂತೋಷದ ಸಂಗತಿ.) ಶಾಲೆಗಳಿಗೆ ಅಡುಗೆಕೋಣೆ, ಪಾತ್ರೆ, ಅಡುಗೆಯ ಸಿಬ್ಬಂದಿ ಬಂದರು. 2013ರ ಆಗಸ್ಟ್ 1ರಂದು 'ಕ್ಷೀರಭಾಗ್ಯ' ಯೋಜನೆ ಪ್ರಾರಂಭವಾದಾಗ ಹಾಲು ಕಾಯಿಸುವುದಕ್ಕಾಗಿ ಪ್ರತ್ಯೇಕ ವ್ಯವಸ್ಥೆಯೊಂದನ್ನು ಕಟ್ಟಬೇಕಾಗಲಿಲ್ಲ. ಹಾಲು ಮಹಾಮಂಡಲದ ಕೆನೆಭರಿತ ಹಾಲಿನ ಪುಡಿ ಅದೇ ಅಡುಗೆಕೋಣೆಗೆ ಬಂತು, ಅದೇ ಒಲೆಯ ಮೇಲೆ ಕಾದು ಮಗುವಿಗೆ 150 ಮಿಲಿಲೀಟರಿನಂತೆ ದೊರೆಯಿತು. ರೈತರ ಹೆಚ್ಚುವರಿ ಹಾಲಿಗೆ ದಾರಿಯಾಯಿತು, ಮಕ್ಕಳಿಗೆ ಪೌಷ್ಟಿಕತೆಯೂ ಆಯಿತು. 2015ರಿಂದ ನಡೆದುಬಂದಿರುವ ಜಂತುಹುಳು ನಿವಾರಣಾ ದಿನವೂ ಇಂಥದೇ. ಮಾತ್ರೆ ಆರೋಗ್ಯ ಇಲಾಖೆಯದು. ಅದನ್ನು ನುಂಗಿಸುವವರು ಶಿಕ್ಷಕರು ಮತ್ತು ಅಂಗನವಾಡಿ ಕಾರ್ಯಕರ್ತೆಯರು. ಅಂದು ಗೈರುಹಾಜರಾದ ಮಗುವಿಗೆ ಕೆಲವು ದಿನಗಳ ಬಳಿಕ ಮತ್ತೊಂದು ದಿನ ಗೊತ್ತಾಗಿರುತ್ತದೆ. ಯಾರು ಕೊಡಬೇಕು, ಯಾರು ಬರೆದಿಡಬೇಕು, ಉಳಿದುದನ್ನು ಯಾರಿಗೆ ಒಪ್ಪಿಸಬೇಕು ಎಂಬುದು ಮೊದಲೇ ನಿಶ್ಚಯವಾಗಿರುವುದರಿಂದಲೇ ಆ ಕೆಲಸ ಸುಸೂತ್ರವಾಗಿ ಸಾಗುತ್ತದೆ.

ಇನ್ನು ತೊಡಕಿನ ಮಾತು. ನಾನು ಮುಖ್ಯೋಪಾಧ್ಯಾಯನಾಗಿದ್ದ ಒಂದು ಪ್ರೌಢಶಾಲೆಯಲ್ಲಿ ಎರಡು ಸೂಕ್ಷ್ಮದರ್ಶಕಗಳಿದ್ದವು. ವರ್ಷದ ಬಹುಭಾಗ ಅವು ಬೀಗದೊಳಗೇ ಇರುತ್ತಿದ್ದವು. ರಸ್ತೆಯ ಆಚೆಗಿದ್ದ ಪ್ರಾಥಮಿಕ ಶಾಲೆಯ ಏಳನೆಯ ತರಗತಿಯ ಮಕ್ಕಳು ಈರುಳ್ಳಿ ಪೊರೆಯ ಜೀವಕೋಶವನ್ನು ಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡಿದ್ದರು. ಆ ಶಾಲೆಯ ಗುರುಗಳು ಒಮ್ಮೆ ಬಂದು ಕೇಳಿದಾಗ ನಾನು ಕೊಡಲಿಲ್ಲ. ಜಿಪುಣತನದಿಂದಲ್ಲ, ಭಯದಿಂದ. ದಾಸ್ತಾನು ವಹಿಯಲ್ಲಿ ಅದು ನನ್ನ ಹೆಸರಿನಲ್ಲಿತ್ತು. ಮುರಿದರೆ ಲೆಕ್ಕತಪಾಸಣೆಯಲ್ಲಿ ಉತ್ತರ ಹೇಳಬೇಕಾದವನು ನಾನು. ನಮ್ಮ ಸಂಸ್ಥೆಗಳ ನಡುವೆ ಸಹಕಾರವಿಲ್ಲದಿರುವುದಕ್ಕೆ ಮನಸ್ಸಿನ ಸಣ್ಣತನವೇ ಕಾರಣವೆಂದು ಭಾಷಣಕಾರರು ಹೇಳುತ್ತಾರೆ. ನನ್ನ ಅನುಭವದಲ್ಲಿ ಕಾರಣಗಳು ಮೂರೇ: ಬೀಗದ ಕೈ ಯಾರ ಬಳಿ, ವಿದ್ಯುತ್ ಬಿಲ್ಲು ಯಾರು ಕಟ್ಟಬೇಕು, ಒಡೆದರೆ ಯಾರು ಹೊಣೆ.

ಗ್ರಂಥಾಲಯದ ವಿಷಯವು ಇದನ್ನೇ ಇನ್ನೊಂದು ಬಗೆಯಿಂದ ತೋರಿಸುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಂತೆ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ವಸೂಲು ಮಾಡುತ್ತವೆ. ವಸೂಲು ಮಾಡುವವರು ಒಬ್ಬರು, ಗ್ರಂಥಾಲಯ ನಡೆಸುವವರು ಇನ್ನೊಬ್ಬರು ಆದುದರಿಂದ ಹಣ ಸಕಾಲಕ್ಕೆ ಸಂದಾಯವಾಗದೆ ಬಾಕಿ ನಿಲ್ಲುವುದು ಹಳೆಯ ದೂರು. 2019ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದ ಮೇಲೆ ಮರುವರ್ಷವೇ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದ್ದ ಕಾಲವದು. ಪಂಚಾಯಿತಿಯ ಕಟ್ಟಡಕ್ಕೆ ಶಾಲೆಯ ಮಕ್ಕಳು ಬಂದರು. ಬೀಗದ ಕೈ ಒಂದೇ ಕಡೆ ಸೇರಿದುದರ ಫಲವಿದೆಂದು ನಾನು ಭಾವಿಸುತ್ತೇನೆ.

ಆದರೆ ಎಲ್ಲವನ್ನೂ ಒಂದೇ ಇಲಾಖೆಗೆ ಸೇರಿಸುವುದು ಸಾಧ್ಯವೂ ಅಲ್ಲ, ಯುಕ್ತವೂ ಅಲ್ಲ. ಬೇಕಾಗಿರುವುದು ಅರ್ಧ ಹಾಳೆಯ ಒಪ್ಪಂದ. ಯಾವ ವಸ್ತು, ಯಾವ ವಾರ, ಎಷ್ಟು ಹೊತ್ತು, ಯಾರ ಸಮಕ್ಷಮ, ದುರಸ್ತಿಯ ಖರ್ಚಿನಲ್ಲಿ ಯಾರ ಪಾಲು ಎಷ್ಟು ಎಂಬಿಷ್ಟನ್ನು ಬರೆದು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಠರಾವಿನಲ್ಲಿ ಸೇರಿಸಿ, ಪಂಚಾಯಿತಿಗೂ ಒಂದು ಪ್ರತಿ ಕೊಟ್ಟರೆ ಮುಖ್ಯೋಪಾಧ್ಯಾಯರ ಭಯ ಬಹುಮಟ್ಟಿಗೆ ನೀಗುತ್ತದೆ. ಆಟದ ಬಯಲು, ಸಭಾಭವನ, ಧ್ವನಿವರ್ಧಕ, ಗಣಕಯಂತ್ರದ ಕೊಠಡಿ ಇವೆಲ್ಲಕ್ಕೂ ಇದೇ ಕ್ರಮ ಸಾಕು. ಎಲ್ಲವೂ ಹಂಚಲು ತಕ್ಕುವಲ್ಲ ಎಂಬುದನ್ನೂ ಹೇಳಬೇಕು. ಆಮ್ಲ, ಕ್ಷಾರಗಳಿರುವ ರಸಾಯನ ಕೊಠಡಿಗೆ ಚಿಕ್ಕ ಮಕ್ಕಳನ್ನು ಬಿಡಲಾಗದು. ಪರೀಕ್ಷೆಯ ತಿಂಗಳಲ್ಲಿ ಕೊಠಡಿ ಕೇಳುವವರಿಗೆ ಇಲ್ಲವೆನ್ನಬೇಕಾಗುತ್ತದೆ.

ದಾನಿಗಳಲ್ಲಿ ಒಂದು ಬಿನ್ನಹವಿದೆ. ಒಂದೇ ಊರಿನ ಮೂರು ಶಾಲೆಗಳಿಗೆ ಮೂರು ಗಣಕಯಂತ್ರದ ಕೊಠಡಿಗಳನ್ನು ಕಟ್ಟಿಸಿ, ಮೂರರಲ್ಲಿಯೂ ಕಲಿಸುವವರಿಲ್ಲದಿರುವುದನ್ನು ನಾವು ಕಂಡಿದ್ದೇವೆ. ಹೆಸರಿನ ಫಲಕಗಳೂ ಮೂರಿರುತ್ತವೆ. ದಾನಪತ್ರದಲ್ಲಿಯೇ 'ನೆರೆಯ ಶಾಲೆಗಳ ಮಕ್ಕಳಿಗೂ ಉಪಯೋಗ' ಎಂಬ ಒಂದು ವಾಕ್ಯವನ್ನೂ, ದುರಸ್ತಿಗೆಂದು ಚಿಕ್ಕದೊಂದು ಠೇವಣಿಯನ್ನೂ ಸೇರಿಸಿದರೆ ಆ ಕೊಠಡಿಯ ಬಾಗಿಲು ಹೆಚ್ಚು ಹೊತ್ತು ತೆರೆದಿರುತ್ತದೆ.

ಆ ಸೂಕ್ಷ್ಮದರ್ಶಕದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಮರುವರ್ಷ ನಮ್ಮ ವಿಜ್ಞಾನ ಶಿಕ್ಷಕರೇ ಒಂದು ಪತ್ರವನ್ನು ಬರೆದು ತಂದು ನನ್ನ ಮುಂದಿಟ್ಟರು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆಯ ಕಾಲ, ತಮ್ಮ ಸಮಕ್ಷಮದಲ್ಲಿ ಎಂದು ಅದರಲ್ಲಿ ಬರೆದಿತ್ತು. ಸಹಿ ಹಾಕಿದೆ. ಆ ವರ್ಷ ಒಡೆದದ್ದು ಎರಡು ಗಾಜಿನ ಪಟ್ಟಿಗಳು. ದಾಸ್ತಾನು ವಹಿಯಲ್ಲಿ ಕೆಂಪು ಶಾಯಿಯಿಂದ ನಮೂದಿಸಿದೆವು. ತಪಾಸಣೆಗೆ ಬಂದವರು ಅದನ್ನು ಓದಿ ಏನೊಂದನ್ನೂ ಕೇಳದೆ ಪುಟ ತಿರುವಿದರು.