ಚೆಂದ ಮೇಲೆ, ಸುಖ ಕೆಳಗೆ

ಕಣಕಾಲು ಮುಚ್ಚುವ ಹಳೇ ಮಾದರಿಯ ಕ್ಯಾನ್‌ವಾಸ್ ಶೂ ಬೇಕೆಂದು ಕಾಲೇಜಿಗೆ ಹೋಗುವ ಮಗಳು ಹಟ ಹಿಡಿದಿದ್ದಾಳೆ, ಕಾಲು ಉಳುಕದಂತೆ ಅದು ಕಾಯುತ್ತದಂತೆ, ನಿಜವೇ ಎಂದು ನವಿ ಮುಂಬಯಿಯ ಸಾನಪಾಡಾದ ಓದುಗರೊಬ್ಬರು ಕೇಳಿದ್ದಾರೆ. ಹಾರ್ಬರ್ ಲೈನಿನ ಲೋಕಲ್‌ನಲ್ಲಿ ದಿನಾ ಸಿಎಸ್‌ಎಂಟಿವರೆಗೆ ನಿಂತೇ ಹೋಗುವ ಹುಡುಗಿ.

ಮಗಳ ವಾದಕ್ಕೆ ನೂರು ವರ್ಷ ವಯಸ್ಸು. ಅಮೆರಿಕದ ಕಾನ್ವರ್ಸ್ ಕಂಪನಿ 1917ರಲ್ಲಿ ‘ಆಲ್ ಸ್ಟಾರ್’ ಶೂ ತಂದಿತು. ಅದು ಬ್ಯಾಸ್ಕೆಟ್‌ಬಾಲ್ ಆಟಗಾರರ ಕಾಲು ಸೇರಿತು. 1920ರ ದಶಕದಲ್ಲಿ ಚಕ್ ಟೇಲರ್ ಎಂಬ ಆಟಗಾರ ಕಂಪನಿಗೆ ಸೇರಿ, ಊರೂರು ತಿರುಗಿ ಆಟ ಹೇಳಿಕೊಡುತ್ತಲೇ ಶೂ ಮಾರಿದ. ಮುಂದೆ ಅವನ ಸಹಿಯೇ ಶೂ ಮೇಲೆ ಬಂತು. ಕಣಕಾಲಿನ ರಕ್ಷಣೆಯ ಮಾತು ಮಾರಾಟಗಾರರಿಗೆ ಒದಗಿಬಂದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ 1993ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 622 ಮಂದಿ ಕಾಲೇಜು ಆಟಗಾರರಿಗೆ ಎತ್ತರದ, ಗಿಡ್ಡ ಶೂಗಳನ್ನು ಹಂಚಿ ನೋಡಿದರು. ಉಳುಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಟ್ಟು ಪೆಟ್ಟುಗಳು ಬರೀ 15, ಹಾಗಾಗಿ ಇದನ್ನೇ ಕೊನೆಯ ತೀರ್ಪು ಅನ್ನಲಾರೆ. ಆದರೂ ಇಡೀ ಮೈಭಾರ ಹೊತ್ತು ಒಳಕ್ಕೆ ಮಗುಚುವ ಪಾದವನ್ನು ಒಂದು ತುಂಡು ಬಟ್ಟೆ ಹಿಡಿದು ನಿಲ್ಲಿಸೀತೆಂಬ ನಂಬಿಕೆ ನನಗಂತೂ ಇಲ್ಲ.

ಇನ್ನು, ದಿನಾ ನಿಂತೇ ಹೋಗುವವಳ ಕಾಲಿನ ಸುಖದ ಪ್ರಶ್ನೆ ಇರುವುದು ಅಟ್ಟೆಯಲ್ಲಿ. ಕಚ್ಚಾ ರಬ್ಬರ್ ಬಿಸಿಲಿಗೆ ಅಂಟಂಟಾಗುತ್ತದೆ, ಚಳಿಗೆ ಸೆಟೆಯುತ್ತದೆ. ಗಂಧಕ ಬೆರೆಸಿ ಕಾಯಿಸಿದರೆ ಅದರ ಉದ್ದುದ್ದ ಅಣುಗಳ ನಡುವೆ ಕೊಂಡಿ ಬಿದ್ದು ಗಟ್ಟಿಯಾಗುತ್ತದೆ. ಹೀಗೆ ಗಟ್ಟಿಯಾಗಿಸುವ ಬಗೆಯನ್ನು 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ. ಈ ಶೂ ಇಂದಿಗೂ ಹುಟ್ಟುವುದು ಹಾಗೆಯೇ. ಹೊಲಿದ ಕ್ಯಾನ್‌ವಾಸನ್ನು ಅಚ್ಚಿನ ಮೇಲೆಳೆದು, ಹಸಿ ರಬ್ಬರಿನ ಅಟ್ಟೆ, ಸುತ್ತಲಿನ ಪಟ್ಟಿ ಅಂಟಿಸಿ, ಇಡೀ ಶೂವನ್ನೇ 100 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಬಿಸಿಯಲ್ಲಿ ಬೇಯಿಸುತ್ತಾರೆ. ಇಡ್ಲಿ ಪಾತ್ರೆಯ ಕೆಲಸವೇ: ಒಳಗೆ ಹೋಗುವಾಗ ಹಿಟ್ಟು, ಬರುವಾಗ ಇಡ್ಲಿ, ಅದು ಮತ್ತೆ ಹಿಟ್ಟಾಗದು. ಈಗಿನ ಓಟದ ಶೂಗಳನ್ನು ಮೆತ್ತಗಾಗಿಸುವ ಇವಿಎ ಫೋಮ್ ಇದೇ ಪಾತ್ರೆಯಲ್ಲಿ ಕೂತರೆ ಕುಗ್ಗಿ ಹಾಳಾಗುತ್ತದೆ; ಇಡ್ಲಿ ತಟ್ಟೆಯಲ್ಲಿ ಐಸ್‌ಕ್ರೀಂ ಇಟ್ಟ ಹಾಗೆ. ಎಂದರೆ, ಆ ಶೂಗೆ ಅದರ ಅಂದ ಕೊಡುವ ಬಿಸಿಯೇ ಮೆತ್ತನೆಯ ಅಟ್ಟೆಯನ್ನು ಹೊರಗಿಟ್ಟಿದೆ! ಕಂಪನಿಯ ಜಿಪುಣತನ ಎಂದು ಬೈಯುವವರಿಗೆ ಇದು ತಿಳಿದಿರಲಿ.

2003ರಲ್ಲಿ ಕಾನ್ವರ್ಸನ್ನು ಕೊಂಡ ನೈಕಿ, 2015ರಲ್ಲಿ ತನ್ನದೇ ಫೋಮಿನ ಒಳಹಾಸು ಹಾಕಿದ ‘ಚಕ್ 2’ ತಂದಿತು. ಸುಖ ಹೆಚ್ಚಿತ್ತು. ಜನ ಹಳೆಯದನ್ನೇ ಕೊಂಡರು, ಚಕ್ 2 ಬಹುಕಾಲ ಬಾಳಲಿಲ್ಲ.

ಹಾಗಾದರೆ ಸಾನಪಾಡಾದ ಹುಡುಗಿಗೆ? ಶೂ ಕೊಡಿಸಿ. ಜೊತೆಗೆ, ಬೇಯಿಸುವ ಗೋಜಿಲ್ಲದೆ ಆಮೇಲೆ ತೂರಿಸಬಹುದಾದ ದಪ್ಪ ಒಳಹಾಸು ಒಂದಿರಲಿ. ಅದು ಹಿಡಿಸುವಷ್ಟು ಜಾಗ ಇದೆಯೇ ಎಂದು ಸಂಜೆ, ಪಾದ ಸ್ವಲ್ಪ ಊದಿಕೊಂಡಿರುವಾಗ, ಅಂಗಡಿಯಲ್ಲೇ ಹಾಕಿ ನೋಡಲಿ. ಜುಲೈ ತಿಂಗಳಲ್ಲಿ ಮಾತ್ರ ಬೇಡ. ಗಾಳಿಯಾಡಲೆಂದು ಒಳಬದಿಗೆ ಕೊಟ್ಟಿರುವ ಎರಡು ತೂತುಗಳಲ್ಲಿ ನವಿ ಮುಂಬಯಿಯ ಮಳೆನೀರೂ ಆಡುತ್ತದೆ, ನೆನೆದ ಹತ್ತಿಬಟ್ಟೆ ಉಜ್ಜಿದಲ್ಲೆಲ್ಲ ಬೊಕ್ಕೆ ಏಳುತ್ತದೆ.