ಮಂಜಿನೂರಲ್ಲೊಂದು ಸೂರ್ಯನ ಮನೆ

ಕೊಡೈಕೆನಾಲ್‌ಗೆ ಹೋದವರೆಲ್ಲ ಕೆರೆ ಸುತ್ತುತ್ತಾರೆ. ನಾವೂ ಸುತ್ತಿದೆವು. ಬಾಡಿಗೆ ಸೈಕಲ್ಲು, ಬಡಕಲು ಕುದುರೆ, ಸುಟ್ಟ ಜೋಳ, ಮೆಣಸಿನಕಾಯಿ ಬಜ್ಜಿ, ಸೆಲ್ಫಿಗೆ ಸಾಲುಗಟ್ಟಿದ ಜನ ಎಲ್ಲವೂ ಇದ್ದವು. ‘ನಕ್ಷತ್ರಾಕಾರದ ಸರೋವರ’ ಎಂದು ಹೋಟೆಲುಗಳ ಕರಪತ್ರಗಳು ಸಾರುತ್ತವೆ. ಆ ನಕ್ಷತ್ರ ನಕ್ಷೆಯಲ್ಲಿ ಮಾತ್ರ ಇದೆ. ಪೆಡಲ್ ದೋಣಿಯಲ್ಲಿ ಕೂತವನಿಗೆ ಕಾಣುವುದು ತಿರುವು, ನೀಲಗಿರಿ ಮರ, ಮತ್ತೊಂದು ತಿರುವು.

ಅಂದಹಾಗೆ ಇದು ದೇವರು ಕೊಟ್ಟ ಸರೋವರವಲ್ಲ, ಕಟ್ಟಿಸಿದ ಕೆರೆ. ಮದುರೆ ಸೀಮೆಯ ಜ್ವರಕ್ಕೆ ಹೆದರಿದ ಅಮೆರಿಕನ್ ಮಿಷನರಿಗಳು 1845ರಲ್ಲಿ ಪಳನಿ ಬೆಟ್ಟ ಹತ್ತಿ ಮನೆ ಮಾಡಿಕೊಂಡರು. 1863ರಲ್ಲಿ ಮದುರೆಯ ಕಲೆಕ್ಟರ್ ವಿಯರ್ ಹೆನ್ರಿ ಲೆವಿಂಜ್ ಹಳ್ಳಕ್ಕೆ ಅಡ್ಡಲಾಗಿ ಕಟ್ಟೆ ಹಾಕಿಸಿ, ನೀರಿಗೆ ಮೀನು ಬಿಟ್ಟು, ತೂತ್ತುಕುಡಿಯಿಂದ ದೋಣಿ ತರಿಸಿದ. ಆಮೇಲೆ ಕೋಕರ್ಸ್ ವಾಕ್ ಬಂತು, ಶಾಲೆ ಬಂತು, ಬ್ರ್ಯಾಂಟ್ ಪಾರ್ಕ್ ಬಂತು. ಇಷ್ಟು ಎಲ್ಲರಿಗೂ ಗೊತ್ತು.

ಆದರೆ ನನ್ನ ತಲೆಯಿಂದ ಇನ್ನೂ ಇಳಿಯದಿರುವುದು ಕೆರೆಯಲ್ಲ, ಊರಿಗಿಂತ ಮೇಲೆ, 2,343 ಮೀಟರ್ ಎತ್ತರದಲ್ಲಿರುವ ಸೌರ ವೀಕ್ಷಣಾಲಯ. ಮಂಜಿಗೆ ಹೆಸರಾದ ಊರಿನಲ್ಲಿ ಸೂರ್ಯನನ್ನು ನೋಡಲು ಯಾರಾದರೂ ದೂರದರ್ಶಕ ಇಡುತ್ತಾರೆಯೇ? ಇಟ್ಟಿದ್ದಾರೆ, 1899ರಲ್ಲೇ. ಬೆಳಗಿನ ಹೊತ್ತು ಇಲ್ಲಿ ಆಕಾಶ ತೊಳೆದಿಟ್ಟಂತಿರುತ್ತದೆ; ಮೋಡದ ಆಟವೆಲ್ಲ ಆಮೇಲೆ.

ಅಲ್ಲಿನ ಪುಟ್ಟ ವಸ್ತುಸಂಗ್ರಹಾಲಯದ ಕತ್ತಲೆಯಲ್ಲಿ ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿದ್ದರು. ಚಿತ್ರವಲ್ಲ, ವಿಡಿಯೊ ಅಲ್ಲ, ಆ ಹೊತ್ತಿನ ಸೂರ್ಯನೇ. ಬಿಂಬದ ಅಂಚು ಸಣ್ಣಗೆ ನಡುಗುತ್ತಿತ್ತು. ಒಂದು ಬದಿಯಲ್ಲಿ ಕಪ್ಪು ಚುಕ್ಕೆ, ಅದರ ಸುತ್ತ ಬೂದು ಅಂಚು. ತುಮಕೂರಿನ ಕಡೆಯ ಹುಡುಗನೊಬ್ಬ “ಅಪ್ಪಾ, ಅದು ಧೂಳಲ್ವಾ?” ಎಂದ. ಭಾಷೆ ಬಾರದಿದ್ದರೂ ಪ್ರಶ್ನೆ ತಿಳಿದ ಸಿಬ್ಬಂದಿಯೊಬ್ಬರು ನಕ್ಕು, ಹಾಳೆಯನ್ನು ಎರಡು ಬೆರಳಷ್ಟು ಪಕ್ಕಕ್ಕೆ ಸರಿಸಿದರು. ಧೂಳಾಗಿದ್ದರೆ ಹಾಳೆಯ ಜೊತೆ ಹೋಗಬೇಕಿತ್ತು. ಚುಕ್ಕೆ ಬಿಂಬದಲ್ಲಿ ತನ್ನ ಜಾಗದಲ್ಲೇ ಉಳಿಯಿತು. ಅದು ಸೌರಕಲೆ.

ಇಂಥ ಕಲೆಗಳ ಬೆನ್ನು ಹತ್ತಿ ಸರ್ಕಾರ ಇಲ್ಲಿಗೇಕೆ ಬಂತು? ಬರದಿಂದ. 1876–78ರ ಕ್ಷಾಮ ದಕ್ಷಿಣ ಭಾರತವನ್ನು ಹಿಂಡಿತು. ನಮ್ಮ ಕಡೆ ಅದು ಧಾತು–ಈಶ್ವರ ಸಂವತ್ಸರಗಳ ಬರ. ಸೌರಕಲೆಗಳ ಏರಿಳಿತಕ್ಕೂ ಮಳೆಗೂ ನಂಟಿರಬಹುದೆಂಬ ಆಸೆ ಆಗ ಬಲವಾಗಿತ್ತು. ಮುಂಗಾರಿನ ಭವಿಷ್ಯವೇನೂ ಸೂರ್ಯನಿಂದ ಸಿಗಲಿಲ್ಲ. ಸಿಕ್ಕಿದ್ದು ಬೇರೆ.

ಜಾನ್ ಎವರ್ಶೆಡ್ 1907ರಲ್ಲಿ ಇಲ್ಲಿಗೆ ಬಂದ. ಇಂಗ್ಲೆಂಡಿನಲ್ಲಿ ಕಾರ್ಖಾನೆಯ ರಸಾಯನತಜ್ಞನಾಗಿದ್ದು, ಸೂರ್ಯನ ಹುಚ್ಚನ್ನು ಬಿಡುವಿನಲ್ಲಿ ಬೆಳೆಸಿಕೊಂಡವನು. ಸೌರಕಲೆಗಳು ಸುಂಟರಗಾಳಿಯಂತೆ ಸುತ್ತುತ್ತವೆ ಎಂದು ಆಗ ಹಲವರು ಎಣಿಸಿದ್ದರು. 1909ರ ಜನವರಿಯಲ್ಲಿ ಎವರ್ಶೆಡ್ ಕಲೆಯ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ರೋಹಿತವನ್ನು ತೆಗೆದಾಗ ಅದರ ಗೆರೆಗಳು ಓರೆಯಾಗಿದ್ದವು, ಆದರೆ ಸುತ್ತುವ ಅನಿಲಕ್ಕೆ ಹೊಂದುವಂತೆ ಅಲ್ಲ. ಸೂರ್ಯನ ಅಂಚಿನ ಕಡೆಗಿದ್ದ ಬೂದು ಭಾಗದ ಗೆರೆಗಳು ಕೆಂಪಿನತ್ತ, ಅಂದರೆ ನಮ್ಮಿಂದ ದೂರ. ನಡುಬಿಂಬದ ಕಡೆಯವು ನೀಲಿಯತ್ತ, ಅಂದರೆ ನಮ್ಮ ಕಡೆಗೆ. ಕಲೆ ಬಿಂಬದ ನಟ್ಟನಡುವೆ ಇದ್ದಾಗ ಗೆರೆಗಳು ಸರಿಯುವುದೇ ಇಲ್ಲ. ಅಂಗಳದಲ್ಲಿ ಸುರಿದ ನೀರಿನಂತೆ ಅನಿಲ ಕಲೆಯ ನಡುವಿನಿಂದ ಹೊರಕ್ಕೆ, ಮೇಲ್ಮೈಯನ್ನೇ ಹಿಡಿದು ಹರಡುತ್ತಿದೆ ಎಂದು ಅವನು ಕಂಡುಕೊಂಡ. ವೇಗ ಸೆಕೆಂಡಿಗೆ ಸುಮಾರು 2 ಕಿಲೋಮೀಟರ್. ಜಗತ್ತಿನ ಖಗೋಳ ಪುಸ್ತಕಗಳಲ್ಲಿ ಇಂದಿಗೂ ಇದು ‘ಎವರ್ಶೆಡ್ ಪರಿಣಾಮ’. ಊರಿನ ಫಲಕಗಳಲ್ಲಿ ಮಾತ್ರ ಸೂಸೈಡ್ ಪಾಯಿಂಟಿಗೂ ಚಾಕೊಲೇಟಿಗೂ ಇರುವ ದಪ್ಪಕ್ಷರ ಇದಕ್ಕಿಲ್ಲ.

ಅವನ ಹೆಂಡತಿ ಮೇರಿಯನ್ನು ಮರೆಯುವುದು ಅನ್ಯಾಯ. ಸೂರ್ಯನ ಅಂಚಿನಲ್ಲಿ ಚಿಮ್ಮುವ ಜ್ವಾಲೆಗಳ ರಾಶಿ ಚಿತ್ರಗಳನ್ನು ಗಂಡನ ಜೊತೆ ಕೂತು ಪರಿಶೀಲಿಸಿದವಳು ಆಕೆ. ಅದರ ನಡುವೆಯೇ ಇಟಲಿಯ ಕವಿ ದಾಂತೆಯ ಖಗೋಳಜ್ಞಾನದ ಬಗ್ಗೆ ಒಂದು ಪುಸ್ತಕವನ್ನೂ ಬರೆದಳು. ಎಲ್ಲಿಯ ದಾಂತೆ, ಎಲ್ಲಿಯ ಪಳನಿ ಬೆಟ್ಟ!

1904ರಿಂದ ಇಲ್ಲಿ, ಆಕಾಶ ತೆರೆದ ದಿನಗಳಲ್ಲೆಲ್ಲ, ಸೂರ್ಯನ ಫೋಟೊ ತೆಗೆಯುತ್ತ ಬಂದಿದ್ದಾರೆ. ನೂರು ವರ್ಷ ಮೀರಿದ ಈ ಸಾಲು ಜಗತ್ತಿನಲ್ಲೇ ಅಪರೂಪದ್ದು. ಹಳೆಯ ಗಾಜಿನ ಫಲಕಗಳೂ ಫಿಲ್ಮುಗಳೂ ಈಗ ಡಿಜಿಟಲ್ ರೂಪಕ್ಕೆ ಬಂದಿವೆ. ಇದನ್ನೆಲ್ಲ ನಡೆಸುತ್ತಿರುವುದು ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ಅದರ ಮೂಲ ಬೇರು ಇದೇ ಬೆಟ್ಟದಲ್ಲಿದೆ. 1960ರಲ್ಲಿ ಇಲ್ಲಿನ ನಿರ್ದೇಶಕರಾಗಿ ಬಂದ ವೇಣು ಬಾಪು ಅವರ ಕಾಲದಲ್ಲಿ ಅದು ಬೆಂಗಳೂರಿಗೆ ಹಬ್ಬಿತು. ಆ ಕಟ್ಟಡದ ಮುಂದೆ ದಿನವೂ ಟ್ರಾಫಿಕ್ಕಿನಲ್ಲಿ ನಿಲ್ಲುವ ಎಷ್ಟು ಮಂದಿಗೆ ಇದು ಗೊತ್ತು?

ಹೋಗುವವರಿಗೆ ಎರಡು ಮಾತು. 2024ರ ಮೇ ತಿಂಗಳಿಂದ ಊಟಿಯಂತೆ ಕೊಡೈಗೂ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. ಮನೆಯಲ್ಲೇ ಮಾಡಿಕೊಂಡು ಹೊರಡಿ. ವೀಕ್ಷಣಾಲಯ ತೆರೆದಿದೆಯೇ ಎಂದು ಹಿಂದಿನ ದಿನವೇ ವಿಚಾರಿಸಿ, ಬೆಳಿಗ್ಗೆಯೇ ಮೇಲೆ ಹತ್ತಿ. ಕೆರೆಯನ್ನು ಸಂಜೆಗೆ ಇಟ್ಟುಕೊಳ್ಳಿ, ಅದಕ್ಕೆ ಮಂಜು ಇದ್ದರೂ ನಡೆಯುತ್ತದೆ.