15ಕ್ಕೆ 8 ಯಾಕೆ ಟೀಚರ್?

ಆಗಸ್ಟ್ ತಿಂಗಳ ಒಂದು ಭಾನುವಾರ ರಾತ್ರಿ. ಊಟ ಮುಗಿಸಿ ಪಾತ್ರೆ ತೊಳೀತಾ ಇದ್ದೆ, ವಾಟ್ಸಾಪ್‌ಗೆ ಒಂದು ವಾಯ್ಸ್ ಮೆಸೇಜ್ ಬಂತು. ನನ್ನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಅಮ್ಮ. ಜಗಳದ ದನಿಯಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂಬ ದನಿ. "ಟೀಚರ್, ಮಗಳಿಗೆ ಪ್ರಾಜೆಕ್ಟಿನಲ್ಲಿ 15ಕ್ಕೆ 8 ಅಂತೆ. ಜೋರು ಮಾಡ್ಲಿಕ್ಕೆ ಕೇಳುದಲ್ಲ. ಯಾವುದರಲ್ಲಿ ಕಡಿಮೆ ಆಯ್ತು ಅಂತ ಹೇಳಿದ್ರೆ ಮುಂದಿನ ಸಲ ಸರಿ ಮಾಡ್ಲಿಕ್ಕೆ ಹೇಳ್ತೇನೆ."

ಕೈ ಒರೆಸಿಕೊಂಡು ಬ್ಯಾಗಿನಿಂದ ಡೈರಿ ತೆಗೆದೆ. ಅವಳ ಹೆಸರಿನ ಮುಂದೆ 8 ಅಂತ ಬರೆದಿತ್ತು. ಅಷ್ಟೇ ಇತ್ತು. ಯಾಕೆ 8, ಯಾಕೆ 11 ಅಲ್ಲ ಅನ್ನೋದು ನನಗೇ ಗೊತ್ತಿರಲಿಲ್ಲ. "ಪ್ರೆಸೆಂಟೇಶನ್ ಸ್ವಲ್ಪ ಇಂಪ್ರೂವ್ ಆಗ್ಬೇಕು" ಅಂತ ಟೈಪ್ ಮಾಡಿ ಕಳಿಸಿ ಫೋನ್ ಕೆಳಗಿಟ್ಟೆ.

ಅಪ್ರೈಸಲ್ ಮೀಟಿಂಗಿನಲ್ಲಿ ಕೂತವರಿಗೆ ಈ ವಾಕ್ಯದ ಪರಿಚಯ ಇರುತ್ತೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ತಂಗಿಗೆ ಪ್ರತಿ ವರ್ಷ ಇಂಥದ್ದೇ ಒಂದು ವಾಕ್ಯ ಸಿಗುತ್ತೆ, ಪ್ರತಿ ವರ್ಷ ಅವಳು ನನಗೆ ಫೋನ್ ಮಾಡಿ ಅರ್ಧ ಗಂಟೆ ಬೈತಾಳೆ. ಆ ರಾತ್ರಿ ನಡೆದದ್ದನ್ನು ಹೇಳಿದಾಗ ನಕ್ಕು, "ಅಕ್ಕಾ, ಈಗ ನೀನೇ ಮ್ಯಾನೇಜರ್ ಆದಿ" ಅಂದಳು. ನನಗೆ ನಗು ಬರಲಿಲ್ಲ.

ನಾನು ಬಂಟ್ವಾಳ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಎರಡು ಸಂಕಲನಾತ್ಮಕ. ಬರೆಯುವ ಪರೀಕ್ಷೆಗೆ ಉತ್ತರಸೂಚಿ ಇರುತ್ತೆ, ತಕರಾರಿಲ್ಲ. ಆದರೆ ಮಕ್ಕಳು ಏನನ್ನೋ ಮಾಡಿ ತೋರಿಸುವ ಕೆಲಸ, ಅಂದರೆ ಪ್ರಾಜೆಕ್ಟ್, ಪ್ರಯೋಗ, ಭಾಷಣ, ಮಾದರಿ, ಇವಕ್ಕೆ ನಮ್ಮಲ್ಲಿ ಹೆಚ್ಚಿನವರು ಕೊಡುವುದು ಅಂದಾಜಿನ ಅಂಕ. ಸಣ್ಣ ವಿಷಯ ಅಂದ್ಕೋಬೇಡಿ. ಎಸ್ಸೆಸ್ಸೆಲ್ಸಿಯ 625 ಅಂಕದಲ್ಲಿ 125 ಶಾಲೆಯೇ ಕೊಡುವ ಆಂತರಿಕ ಅಂಕ. ಐದರಲ್ಲಿ ಒಂದು ಪಾಲು.

ಆ ಹುಡುಗಿ ಮಾಡಿದ್ದು ಮಳೆಮಾಪಕ. ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ ತಲೆಕೆಳಗೆ ಮಾಡಿ ಆಲಿಕೆಯಂತೆ ಕೂರಿಸಿ, ಬುಡದಲ್ಲಿ ಜಲ್ಲಿಕಲ್ಲು ಹಾಕಿ ಸೊನ್ನೆಯ ಗೆರೆವರೆಗೆ ನೀರು ತುಂಬಿಸಿ, ಹೊರಗೆ ಸ್ಕೇಲ್ ಅಂಟಿಸಿದ್ದು. ಎಲ್ಲ ಶಾಲೆಯಲ್ಲೂ ಯಾರೋ ಒಬ್ಬರು ಮಾಡುವಂಥದ್ದೇ. ತರಗತಿಯ ಮುಂದೆ ನಿಂತು ಅವಳು ತಡವರಿಸಿದಳು. ನೆಲ ನೋಡಿಕೊಂಡು ಮಾತಾಡಿದಳು. "ಫಲಿತಾಂಶ" ಅನ್ನೋದು "ಪಲಿತಾಂಶ" ಆಯ್ತು, "ಭಾರೀ ಮಳೆ" "ಬಾರೀ ಮಳೆ" ಆಯ್ತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನು 8 ಬರೆದೆ.

ಅವಳ ಮನೆಮಾತು ತುಳು. ನನ್ನದೂ ತುಳುವೇ.

ಮಾರನೇ ವಾರ ಮೂಡುಬಿದಿರೆಗೆ ಹೋದಾಗ ಬಿ.ಎಡ್. ದಿನಗಳ ಗೆಳತಿಗೆ ಇದನ್ನು ಹೇಳಿದೆ. ಅವಳೂ ಟೀಚರ್. "ರೂಬ್ರಿಕ್ ಮಾಡಿಕೊಳ್ಳೋಣ ಮಾರಾಯ್ತಿ, ಬಿ.ಎಡ್.ನಲ್ಲಿ ಪರೀಕ್ಷೆಗೆ ಬರೆದದ್ದು ಬಿಟ್ರೆ ಮಾಡ್ಲೇ ಇಲ್ಲ ನಾವು" ಅಂದಳು.

ರೂಬ್ರಿಕ್ ಅಂದರೆ ಏನೆಂದು ಗೊತ್ತಿಲ್ಲದವರಿಗೆ ಒಂದು ಉದಾಹರಣೆ. ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ಬಹುಶಃ ನಿಮ್ಮ ಮೇಲೂ ಅದು ಬಳಕೆಯಾಗಿದೆ, ಅದೂ ಹುಟ್ಟಿದ ಒಂದೇ ನಿಮಿಷಕ್ಕೆ. ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಆಪ್ಗರ್ 1953ರಲ್ಲಿ ಪ್ರಕಟಿಸಿದ ಆಪ್ಗರ್ ಸ್ಕೋರ್. ಮೈಬಣ್ಣ, ಎದೆಬಡಿತ, ಪ್ರತಿಕ್ರಿಯೆ, ಸ್ನಾಯುಬಲ, ಉಸಿರಾಟ, ಹೀಗೆ ಐದು ಸಾಲು. ಪ್ರತಿ ಸಾಲಿಗೆ 0, 1 ಅಥವಾ 2. ಎದೆಬಡಿತ ಇಲ್ಲದಿದ್ದರೆ 0, ನಿಮಿಷಕ್ಕೆ ನೂರಕ್ಕಿಂತ ಕಡಿಮೆ ಇದ್ದರೆ 1, ಹೆಚ್ಚಿದ್ದರೆ 2. ಮಗು ಲಕ್ಷಣವಾಗಿದೆಯಾ ಅಂತ ಎಲ್ಲೂ ಕೇಳುವುದಿಲ್ಲ. ಇಂಥ ಮಟ್ಟಗಳಿದ್ದರೆ ಅದು ರೂಬ್ರಿಕ್. ಬರೀ ಇದೆ-ಇಲ್ಲ ಎಂದು ಟಿಕ್ ಮಾಡುವುದಾದರೆ ಚೆಕ್‌ಲಿಸ್ಟ್.

ನಾನು ಅದೇ ರಾತ್ರಿ ಗೂಗಲ್ ಫಾರ್ಮ್ಸ್‌ನಲ್ಲಿ ಒಂದು ಗ್ರಿಡ್ ಮಾಡಿದೆ. ಎಡಗಡೆ ಏಳು ಅಂಶ, ಮೇಲೆ "ಸಾಧಾರಣ, ಉತ್ತಮ, ಅತ್ಯುತ್ತಮ". ಬಹಳ ಚೆಂದ ಕಾಣ್ತಿತ್ತು. ಪ್ರೆಸೆಂಟೇಶನ್ ದಿನ ಶಾಲೆಯ ದಾಖಲೆಗೆಂದು ವಿಡಿಯೋ ಮಾಡಿಟ್ಟಿದ್ದೆ. ಹೆಸರು, ನನ್ನ ಅಂಕ ಏನೂ ಹೇಳದೆ ಮೂವರು ಮಕ್ಕಳ ವಿಡಿಯೋವನ್ನು ಗೆಳತಿಗೆ ಅವಳ ಮನೆಯಲ್ಲೇ ತೋರಿಸಿದೆ. ಇಬ್ಬರೂ ಬೇರೆ ಬೇರೆ ಅಂಕ ಹಾಕಿದೆವು. ಮೂವರಲ್ಲಿ ಇಬ್ಬರಿಗೆ ನಮ್ಮ ನಡುವೆ ನಾಲ್ಕು ಅಂಕದ ಅಂತರ! ನಾನು "ಸಾಧಾರಣ" ಅಂದದ್ದು ಅವಳಿಗೆ "ಉತ್ತಮ". ಅಂದಾಜನ್ನೇ ಏಳು ತುಂಡು ಮಾಡಿ ಫೋನಿಗೆ ಹಾಕಿದ್ದೆ, ಅಷ್ಟೇ.

"ಕನೆ ಹಲಗೆ ನೋಡಿದ್ದಿ ಅಲ್ವಾ?" ಅಂದಳು ಗೆಳತಿ. ಮೂಡುಬಿದಿರೆಯವಳು, ಕಡಲಕೆರೆಯ ಕಂಬಳ ತಪ್ಪಿಸುವವಳಲ್ಲ. ಕಂಬಳದ ಬೇರೆ ವಿಭಾಗಗಳಲ್ಲಿ ಯಾರು ಮೊದಲು ಮುಟ್ಟಿದರು ಅನ್ನೋದು ಲೆಕ್ಕ. ಕನೆ ಹಲಗೆಯಲ್ಲಿ ಮಾತ್ರ ಓಟಗಾರ ಹಲಗೆಯ ಮೇಲೆ ನಿಂತು ನೀರು ಎಷ್ಟು ಎತ್ತರಕ್ಕೆ ಚಿಮ್ಮಿಸಿದ ಅನ್ನೋದು. ಕರೆಯ ಮೇಲೆ ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ನಿಶಾನೆ ಕಟ್ಟಿರ್ತಾರೆ. "ನೀರು ಬಾರೀ ಚೆಂದ ಹಾರಿತು ಅಂತ ಬಹುಮಾನ ಕೊಡ್ತಾರಾ? ನಿಶಾನೆಗೆ ಮುಟ್ಟಿತಾ ಇಲ್ವಾ, ಅಷ್ಟೇ. ನಿನ್ನ ಫಾರ್ಮಿನಲ್ಲಿ ನಿಶಾನೆ ಎಲ್ಲಿದೆ?"

ಇರಲಿಲ್ಲ. ಕೂತು ಬರೆದೆವು. "ಸ್ಪಷ್ಟವಾಗಿ ಮಾತಾಡಿದರು" ಹೋಗಿ "ಕೊನೆಯ ಬೆಂಚಿಗೆ ಕೇಳಿಸಿತು" ಬಂತು. "ಅಳತೆ ಉತ್ತಮ" ಹೋಗಿ "ಪ್ರತಿದಿನ ಒಂದೇ ಹೊತ್ತಿಗೆ ಅಳೆದಿದ್ದಾರೆ" ಬಂತು. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆಯುತ್ತೆ, ಮಕ್ಕಳೂ ಅದನ್ನೇ ಮಾಡಬಹುದು. ದಿನಾಂಕ ಇದೆಯಾ, ಮಿಲಿಮೀಟರ್ ಅಂತ ಬರೆದಿದೆಯಾ, ಇವೆಲ್ಲ ಹೌದು-ಇಲ್ಲದ ಸಂಗತಿಗಳು, ಚೆಕ್‌ಲಿಸ್ಟಿಗೆ ಹೋದವು. ಏಳು ಸಾಲು ನಾಲ್ಕಕ್ಕೆ ಇಳಿಯಿತು. ಎರಡನೇ ಸಲ ವಿಡಿಯೋ ನೋಡಿ ಅಂಕ ಹಾಕಿದಾಗ ನಮ್ಮಿಬ್ಬರ ನಡುವೆ ಹೆಚ್ಚೆಂದರೆ ಒಂದು ಅಂಕದ ವ್ಯತ್ಯಾಸ.

ಇಷ್ಟಕ್ಕೇ ಖುಷಿಯಾಗಿ, ಇಡೀ ತರಗತಿಗೆ ಹೊಸದಾಗಿ ಅಂಕ ಹಾಕಿದೆ. ಫಾರ್ಮ್ ತುಂಬಿದ್ದೆಲ್ಲ ತಾನಾಗಿ ಗೂಗಲ್ ಶೀಟ್‌ಗೆ ಹೋಗುತ್ತೆ. ಶನಿವಾರ ಮಧ್ಯಾಹ್ನ ಶೀಟ್ ತೆರೆದು ನೋಡಿದರೆ, ಎರಡು ಕಾಲಂ ಪಕ್ಕಪಕ್ಕದಲ್ಲಿ ಅವಳಿ ಮಕ್ಕಳ ಹಾಗೆ ಕೂತಿದ್ದವು. ಒಂದು "ವಿಷಯದ ತಿಳುವಳಿಕೆ", ಇನ್ನೊಂದು "ಮಾತು". ಒಂದಿಬ್ಬರನ್ನು ಬಿಟ್ಟರೆ ಎಲ್ಲರಿಗೂ ಎರಡರಲ್ಲೂ ಒಂದೇ ಅಂಕ. ಚೆಂದ ಮಾತಾಡಿದವರಿಗೆ ವಿಷಯವೂ ಗೊತ್ತು, ತಡವರಿಸಿದವರಿಗೆ ಗೊತ್ತಿಲ್ಲ ಅಂತ ನನ್ನ ಬೆರಳು ತಾನೇ ತೀರ್ಮಾನ ಮಾಡಿತ್ತು. ಡೈರಿಯಲ್ಲಿ ಬರೀ 8 ಅಂತ ಬರೆದಿದ್ದಾಗ ಇದು ನನಗೆ ಎಂದೂ ಕಾಣುತ್ತಿರಲಿಲ್ಲ.

ಇದು ನನ್ನೊಬ್ಬಳ ರೋಗವಲ್ಲ ಅನ್ನೋದು ಆಮೇಲೆ ಓದಿ ಗೊತ್ತಾಯ್ತು. ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಃಶಾಸ್ತ್ರಜ್ಞ 1920ರಲ್ಲೇ ಇದರ ಬಗ್ಗೆ ಬರೆದಿದ್ದ. ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ಸ್ವಭಾವಗಳಿಗೆ ಬೇರೆ ಬೇರೆ ಅಂಕ ಕೊಟ್ಟರೂ, ಒಂದರಲ್ಲಿ ಹೆಚ್ಚು ಕೊಟ್ಟವರಿಗೆ ಎಲ್ಲದರಲ್ಲೂ ಹೆಚ್ಚೇ ಕೊಡ್ತಿದ್ದರು. ಹ್ಯಾಲೋ ಎಫೆಕ್ಟ್ ಅಂತಾರೆ. ತಂಗಿಗೆ ಹೇಳಿದರೆ, "ನಮ್ಮ ಆಫೀಸಿಗೆ ಬಾ, ಇನ್ನೂ ಬೇಕಾದಷ್ಟು ತೋರಿಸ್ತೇನೆ" ಅಂದಳು.

ಇದಕ್ಕೊಂದು ಉಪಾಯ ಇದೆ, ಸುಲಭದ್ದೇ, ಆದರೆ ತಾಳ್ಮೆ ಬೇಕು. ಒಬ್ಬ ವಿದ್ಯಾರ್ಥಿಯ ನಾಲ್ಕೂ ಸಾಲು ಒಟ್ಟಿಗೆ ತುಂಬಬಾರದು. ಮೊದಲು ಎಲ್ಲರ ಒಂದೇ ಸಾಲು, ಆಮೇಲೆ ಎಲ್ಲರ ಎರಡನೇ ಸಾಲು. ವಿಷಯಕ್ಕೆ ಅಂಕ ಹಾಕುವಾಗ ವಿಡಿಯೋ ಮುಚ್ಚಿಟ್ಟು ನೋಟ್‌ಬುಕ್ ಮಾತ್ರ ತೆರೆದೆ. ಆ ಹುಡುಗಿಯ ನೋಟ್‌ಬುಕ್ಕನ್ನು ನಾನು ಸರಿಯಾಗಿ ಓದಿದ್ದು ಅವತ್ತೇ.

ಜುಲೈಯ ಪ್ರತಿದಿನದ ಅಳತೆ ಇತ್ತು. 64.5 ಮಿಲಿಮೀಟರ್ ದಾಟಿದ ದಿನಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ "ಭಾರೀ ಮಳೆ" ಶುರುವಾಗುವುದು ಅಲ್ಲಿಂದ. ಪಕ್ಕದಲ್ಲಿ ಇನ್ನೊಂದು ಕಾಲಂ: ಬಂಟ್ವಾಳದಲ್ಲಿ ನೇತ್ರಾವತಿಯ ನೀರಿನ ಮಟ್ಟ. ಇಲ್ಲಿ ಅಪಾಯದ ಮಟ್ಟ 8.5 ಮೀಟರ್, ಮಳೆಗಾಲದಲ್ಲಿ ಪ್ರತಿ ಮನೆಯ ಫೋನಿಗೂ ಆ ಸುದ್ದಿ ಬರ್ತಾ ಇರುತ್ತೆ. ಅವಳ ಮನೆ ಹೊಳೆಬದಿಯಲ್ಲೇ ಇದೆ. 1974ರ ನೆರೆಯ ಕತೆ ಕೇಳದೆ ಬೆಳೆದ ಮಕ್ಕಳು ಬಂಟ್ವಾಳದ ಆ ಕಡೆ ಇಲ್ಲ.

ಮತ್ತೆ ಮೂರನೇ ಕಾಲಂ. ತಲೆಬರಹ "ಅತ್ತೆ". ಬೆಳ್ತಂಗಡಿ ತಾಲೂಕಿನಲ್ಲಿ, ಚಾರ್ಮಾಡಿ ಕಡೆ ಇರುವ ಅತ್ತೆಗೂ ಒಂದು ಬಾಟಲಿ ಮಾಡಿ ಕೊಟ್ಟು, ದಿನಾ ಫೋನಿನಲ್ಲಿ ಅಳತೆ ಕೇಳಿ ಬರೆದುಕೊಂಡಿದ್ದಳು. ಕೆಳಗೆ ಪೆನ್ಸಿಲ್‌ನಲ್ಲಿ ಎರಡು ವಾಕ್ಯ: ಇಲ್ಲಿ ಮಳೆ ಕಡಿಮೆ ಇದ್ದ ದಿನವೂ ಅತ್ತೆಯ ಮನೆಯಲ್ಲಿ ಜೋರು ಬಂದಿದ್ದರೆ ಹೊಳೆ ಏರುತ್ತದೆ. ಎರಡು ದಿನ ಮಾತ್ರ ಇಬ್ಬರಲ್ಲೂ ಮಳೆ ಕಡಿಮೆ, ಆದರೂ ಹೊಳೆ ಏರಿದೆ, ಅದು ಸುಬ್ರಹ್ಮಣ್ಯದ ಕಡೆಯ ನೀರು ಇರಬಹುದು. ಇರಲೂಬಹುದು! ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿಯೇ ನಮ್ಮಲ್ಲಿಗೆ ಬರುವುದು.

ಈ ಹುಡುಗಿಗೆ ನಾನು 8 ಕೊಟ್ಟಿದ್ದೆ.

ಹೊಸ ಲೆಕ್ಕದಲ್ಲಿ 12 ಬಂತು. 15 ಯಾಕೆ ಬರಲಿಲ್ಲ? ಮಾತಿನ ಸಾಲಿನಲ್ಲಿ ಅವಳಿಗೆ ನಿಜಕ್ಕೂ ಕಡಿಮೆಯೇ, ಕೊನೆಯ ಬೆಂಚಿಗೆ ಕೇಳಿಸಿರಲಿಲ್ಲ. ಅದನ್ನು ಕರುಣೆಯಿಂದ ಹೆಚ್ಚಿಸಲಿಲ್ಲ. ಆದರೆ ಮಹಾಪ್ರಾಣಕ್ಕೆ ಅಂಕ ಕಳೆಯುವುದನ್ನು ತೆಗೆದುಹಾಕಿದೆ, ಇದು ವಿಜ್ಞಾನದ ಪ್ರಾಜೆಕ್ಟ್. ತಮಾಷೆಯೆಂದರೆ ಅತ್ತೆಯ ಬಾಟಲಿಗೆ ನನ್ನ ಫಾರ್ಮಿನಲ್ಲಿ ಜಾಗವೇ ಇರಲಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ನಾದಿಯಾ ಕೊಮನೇಚಿ ಜಿಮ್ನಾಸ್ಟಿಕ್ಸ್‌ನ ಪೂರ್ತಿ ಹತ್ತು ಅಂಕ ಪಡೆದಾಗ ಬೋರ್ಡಿನಲ್ಲಿ 1.00 ಅಂತ ಬಂದಿತ್ತು, ಹತ್ತು ತೋರಿಸುವ ಹಾಗೆ ಅದನ್ನು ಮಾಡಿಯೇ ಇರಲಿಲ್ಲ. ನಾನು "ಹೇಳದೆಯೇ ಮಾಡಿದ್ದು" ಅಂತ ಐದನೇ ಸಾಲು ಸೇರಿಸಿ, ಉಳಿದ ಸಾಲುಗಳಿಂದ ಎರಡು ಅಂಕ ತೆಗೆದು ಅದಕ್ಕೆ ಕೊಟ್ಟು, ಎಲ್ಲರಿಗೂ ಮತ್ತೆ ಲೆಕ್ಕ ಹಾಕಿದೆ. ಅವಳಿಗೆ 13 ಆಯ್ತು. ಗೆಳತಿಗೆ ಈ ಸಾಲು ಇಷ್ಟವಿಲ್ಲ. "ನಿಶಾನೆ ಇಲ್ಲದ ಸಾಲು ಅದು, ನಿನ್ನ ಅಂದಾಜು ಹಿಂಬಾಗಿಲಿನಿಂದ ಮತ್ತೆ ಒಳಗೆ ಬರ್ತದೆ ನೋಡು" ಅಂತಾಳೆ. ಅವಳ ಮಾತಿನಲ್ಲೂ ಹುರುಳಿದೆ. ನಾವಿನ್ನೂ ಜಗಳವಾಡ್ತಿದ್ದೇವೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ತರಗತಿಯ ಒಬ್ಬ ಒಳ್ಳೆ ಮಾತುಗಾರ ಹುಡುಗ 14ರಿಂದ 10ಕ್ಕೆ ಇಳಿದ. ಅವನ ಅಳತೆಗಳೆಲ್ಲ ಒಂದೇ ದಿನ ಕೂತು ಬರೆದದ್ದು ಅಂತ ನೋಟ್‌ಬುಕ್ ನೋಡಿದರೆ ಗೊತ್ತಾಗ್ತಿತ್ತು, ನಾನು ನೋಡಿರಲಿಲ್ಲ. ಅಂಕ ನಮೂದಿಸುವ ದಿನ ಇನ್ನೂ ಮುಗಿದಿರಲಿಲ್ಲ, ಹಾಗಾಗಿ ಹೆಡ್ ಮಾಸ್ಟರರಿಗೆ ಹೇಳಿ ಎಲ್ಲರದ್ದನ್ನೂ ಬದಲಿಸಿದೆ. ಹುಡುಗನ ತಂದೆ ಫೋನ್ ಮಾಡಿದರು. ಆ ಮಾತುಕತೆ ಸುಖದ್ದಾಗಿರಲಿಲ್ಲ. "ಒಮ್ಮೆ ಕೊಟ್ಟದ್ದನ್ನು ಹಿಂದೆ ತಗೊಳ್ಳುದು ಯಾವ ನ್ಯಾಯ ಟೀಚರ್?" ಅಂತ ಕೇಳಿದರು. ಸಾಲು ಸಾಲಾಗಿ ಓದಿ ಹೇಳಿದೆ. ಒಪ್ಪಿದರು ಅಂತ ಹೇಳಲಾರೆ, ಆದರೆ ಈ ಸಲ ನನ್ನ ಹತ್ತಿರ ಹೇಳಲಿಕ್ಕೆ ಏನಾದರೂ ಇತ್ತು.

ನಿಮ್ಮಲ್ಲಿ ಯಾರಾದರೂ ಟೀಚರ್ ಆಗಿದ್ದರೆ, ಟೀಮ್ ಲೀಡ್ ಆಗಿದ್ದರೂ ಸರಿ, ಕೆಲವು ಚಿಲ್ಲರೆ ವಿಷಯ. ಗೂಗಲ್ ಕ್ಲಾಸ್‌ರೂಮ್, ಮೂಡಲ್‌ಗಳಲ್ಲಿ ರೂಬ್ರಿಕ್ ಮಾಡುವ ಸೌಲಭ್ಯವೇ ಇದೆ, ಆದರೆ ಮಕ್ಕಳಿಗೆಲ್ಲ ಖಾತೆ ಬೇಕು. ನನಗೆ ಶೀಟ್ ಸಾಕಾಯ್ತು. ಫಾರ್ಮ್ಸ್‌ಗೆ ನೆಟ್ ಬೇಕೇ ಬೇಕು. ಘಟ್ಟದ ಬುಡದ ಊರುಗಳಲ್ಲಿ ಮಳೆಗಾಲದಲ್ಲಿ ಅದನ್ನು ನಂಬಿ ಕೂತರೆ ಆಯ್ತು ಕತೆ. ಶೀಟ್ಸ್ ಆ್ಯಪಿನಲ್ಲಿ ಫೈಲನ್ನು ಮೊದಲೇ ಆಫ್‌ಲೈನ್‌ಗೆ ಇಟ್ಟುಕೊಂಡರೆ ನೆಟ್ ಇಲ್ಲದೆಯೂ ತುಂಬಬಹುದು. ಮಕ್ಕಳ ವಿಡಿಯೋ ಯಾವ ಗ್ರೂಪಿಗೂ ಹಾಕಬೇಡಿ, ಕೆಲಸ ಮುಗಿದ ಮೇಲೆ ಅಳಿಸಿ. ಎಐ ಇದೆಯಲ್ಲ, ಅದೇ ಅಂಕ ಹಾಕಲಿ ಅಂತ ತಂಗಿ ಸಲಹೆ ಕೊಟ್ಟಳು. ಮೊದಲು ಫೋನಿನ ವಾಯ್ಸ್ ಟೈಪಿಂಗಿಗೆ ನಮ್ಮ ಹುಡುಗಿಯ ಮಾತು ಕೇಳಿಸಿ ನೋಡಿದೆ. ಅದು ಬರೆದದ್ದನ್ನು ಓದಿದರೆ ನಾನು ಕೊಟ್ಟ 8 ಉದಾರವೇ ಅನ್ನಿಸಿತು.

ಮುಂದಿನ ಪ್ರಾಜೆಕ್ಟಿಗೆ ರೂಬ್ರಿಕ್ಕನ್ನು ಮೊದಲೇ ಮಕ್ಕಳ ಕೈಗೆ ಕೊಟ್ಟೆ. ಒಳ್ಳೆಯದೇ ಆಯ್ತು, ಅರ್ಧ. ಯಾರೂ ದಿನಾಂಕ ಮರೆಯಲಿಲ್ಲ, ಆದರೆ ಪ್ರಾಜೆಕ್ಟುಗಳೆಲ್ಲ ಒಂದೇ ಅಚ್ಚಿನ ಹಾಗೆ ಬಂದವು. ಅದಕ್ಕೇ ನಾನು ಆ ಐದನೇ ಸಾಲನ್ನು ಬಿಡಲು ತಯಾರಿಲ್ಲ.

ಅಮ್ಮನಿಗೆ ಶೀಟಿನ ಆ ಒಂದು ಸಾಲಿನ ಸ್ಕ್ರೀನ್‌ಶಾಟ್ ಕಳಿಸಿ, ಹಿಂದಿನ ಮೆಸೇಜಿಗೆ ಕ್ಷಮೆ ಕೇಳಿದೆ. ಥ್ಯಾಂಕ್ಸ್ ಅಂತ ಬಂತು. ಮರುದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಹುಡುಗಿ ನಿಂತಿದ್ದಳು, ಎಂದಿನಂತೆ ನೆಲ ನೋಡಿಕೊಂಡು.

"ಎಂತ?" ಅಂದೆ.

"ಟೀಚರ್, ಐದನೇ ಸಾಲಿನಲ್ಲಿ ಎರಡು ಉಂಟಲ್ಲ..." ಸ್ವಲ್ಪ ಹೊತ್ತು ಸುಮ್ಮನಾದಳು. "ಅದು ಅತ್ತೆಗೆ ಅಂತ ಹೇಳ್ಬಹುದಾ? ಅವರು ಮಳೆಯಲ್ಲಿ ದಿನಾ ಕೊಡೆ ಹಿಡ್ಕೊಂಡು ಹೋಗಿ ನೋಡಿದ್ದು."